ಬಾಳವ್ವನ ಮೇಲಿನ ಮುಯ್ಯಿ

ಬೆಳಗಾವಿಯ ಹಿಂದವಾಡಿಯಲ್ಲಿ ವಕೀಲರ ಮನೆಯ ನಮ್ಮ ಅಕ್ಕಾರಿಗೆ ಹೊಲದಲ್ಲಿ ಬಗ್ಗಿದವರೆಲ್ಲ ರೈತರೇ. "ನೀವು ರೈತ ಮಂದಿ ಭಾಳ ಪುಣ್ಯವಂತರ ನೋಡು ಚಂದ್ರವ್ವಾ," ಎನ್ನುತ್ತಾರೆ, ಎಂಜಲು ಕಪ್ಪನ್ನು ನನ್ನ ಮುಂದೆ ಇಡುತ್ತ. ಏನು ಹೇಳಲಿ ಅವರಿಗೆ? ಖಾನಾಪುರದ ಆಚೆ ನಮ್ಮೂರಲ್ಲಿ ಹಾಗೆ ಎಲ್ಲರಿಗೂ ಒಂದೇ ಹೆಸರು ನಡೆಯುವುದಿಲ್ಲ. ಸ್ವಂತ ಹೊಲವಿದ್ದವರು ಒಕ್ಕಲುತನದವರು, ಪರರ ಹೊಲ ಮಾಡಿ ಬೆಳೆ ಹಂಚಿಕೊಳ್ಳುವವರು ಪಾಲಿನವರು. ವರ್ಷಕ್ಕೆ ಮಾತಾಡಿಕೊಂಡು ಒಬ್ಬರ ಮನೆಯಲ್ಲೇ ದುಡಿಯುವವ ಸಂಬಳದಾಳು. ದಿನದ ರೊಕ್ಕ ಒಯ್ಯುವವರು ಕೂಲಿಯವರು. ಅವರು ತಮ್ಮ ಬುತ್ತಿ ತಾವೇ ತಂದು ಬೇರೆ ಕೂತು ಉಣ್ಣುತ್ತಾರೆ. ಇವರೆಲ್ಲರಿಗಿಂತ ಬೇರೆ ಮುಯ್ಯಾಳು. ಇವತ್ತು ನೀನು ನನ್ನ ಹೊಲಕ್ಕೆ ಬಂದರೆ ನಾಳೆ ನಾನು ನಿನ್ನ ಹೊಲಕ್ಕೆ ಬರಬೇಕು. ಅದೇ ಮುಯ್ಯಿ, ಅದರಲ್ಲಿ ರೊಕ್ಕದ ಮಾತೇ ಇಲ್ಲ. ಹೊಲದ ಒಡತಿಯೇ ಊಟ ಬಡಿಸಿ, ಜೊತೆಗೆ ಕೂತು ಉಣ್ಣಬೇಕು.

ನಾನು ಮುಯ್ಯಾಳು. ಬುದ್ಧಿ ಬಂದಾಗಿನಿಂದ ಒಂದು ದಿನವೂ ಕೂಲಿಗೆ ಹೋದವಳಲ್ಲ.

ನನ್ನ ಗಂಡ ಗುರುಪಾದಪ್ಪ ಹಾಸಿಗೆ ಹಿಡಿದ ಮಳೆಗಾಲದಲ್ಲಿ ಭತ್ತದ ಸಸಿ ಹಚ್ಚಲು ಬಾಜು ಹೊಲದ ಬಾಳವ್ವ ಬಂದಿದ್ದಳು. ಆ ಮುಯ್ಯಿ ತೀರಿಸುವ ಮೊದಲೇ ಅವನು ತೀರಿಕೊಂಡ. ನಮಗೆ ಮಕ್ಕಳಿಲ್ಲ. ಭಾವ ನಮ್ಮ ಹೊಲವನ್ನು ತನ್ನದಕ್ಕೆ ಸೇರಿಸಿ ಉತ್ತ. "ಮನ್ಯಾಗ ಬಿದ್ದಿರು, ಎರಡು ಹೊತ್ತು ಉಣ್ಣು," ಅಂದ. ಬಿದ್ದಿರಲು ನಾನೇನು ಹೊಲ ಹರಗುವ ಮುರಿದ ಕುಂಟೆಯೇ? ಸೀರೆ ಗಂಟು ಕಟ್ಟಿಕೊಂಡು ಬೆಳಗಾವಿಗೆ ಬಂದೆ. ವಕೀಲರ ಮನೆಯ ಹಿತ್ತಲ ಕೋಣೆಯಲ್ಲಿ ಇದ್ದು ಭಾಂಡೆ ತಿಕ್ಕತೊಡಗಿದೆ. ಊಟಕ್ಕೇನೂ ಕಡಿಮೆಯಿಲ್ಲ. ಆದರೆ ಒಬ್ಬಳೇ ಉಣ್ಣಬೇಕು. ಗೋಡೆ ನೋಡುತ್ತ ಉಣ್ಣುವ ಅನ್ನ ಗಂಟಲಲ್ಲಿ ಇಳಿಯುವುದಿಲ್ಲ, ಖರೇ ಹೇಳುತ್ತೇನೆ.

ಮರುವರ್ಷ ಮಳೆ ಹಿಡಿದಾಗ ಅಕ್ಕಾರ ಹತ್ತಿರ ರಜೆ ಕೇಳಿದೆ. "ಯಾಕ, ಊರಾಗ ಯಾರದಾರ ನಿನಗ?" ಎಂದರು. "ಮುಯ್ಯಿ ಐತ್ರಿ," ಎಂದೆ. ಅವರಿಗೆ ತಿಳಿಯಲಿಲ್ಲ. ಮದುವೆಯ ಮುಯ್ಯಿ ಎಂದುಕೊಂಡು ಒಂದು ಕುಪ್ಪಸದ ಕಣ ಕೊಟ್ಟರು.

ಬಾಳವ್ವ ನನ್ನನ್ನು ಕಂಡವಳೇ ಕೆಸರುಗೈಯಲ್ಲೇ ತಬ್ಬಿದಳು. "ಯಕ್ಕಾ, ನೀ ಬರ್ತೀ ಅಂತ ಅನ್ಕೊಂಡಿದ್ದಿಲ್ಲ ನಾ!" ಗೋಣಿಚೀಲದ ಕೊಪ್ಪೆ ಹಾಕಿಕೊಂಡು ಸಾಲಿಗೆ ನಿಂತೆ. ಮಗ್ಗುಲಿನ ನಮ್ಮ ಹೊಲದಲ್ಲಿ ಭಾವನ ಆಳುಗಳು ಸಸಿ ಹಚ್ಚುತ್ತಿದ್ದರು. ಅತ್ತ ನೋಡಬಾರದು ಅಂದರೂ ಕಣ್ಣು ಕೇಳಬೇಕಲ್ಲ! ಮಧ್ಯಾಹ್ನ ಬಾಳವ್ವ ತಾನೇ ರೊಟ್ಟಿ ಬಡಿಸಿ ನನ್ನ ಪಕ್ಕ ಕೂತಳು. ಮುಯ್ಯಾಳುಗಳೆಲ್ಲ ಸುತ್ತ ಕೂತು ನನ್ನ ಪ್ಯಾಟಿ ಸೀರೆಯನ್ನು ಆಡಿಕೊಂಡರು. ಅಂದು ನನಗೆ ಹೊಟ್ಟೆ ತುಂಬಿತು.

"ಇನ್ನೊಂದಿನ ಇರು ಯಕ್ಕಾ, ಕೆಳಗಿನ ಗದ್ದಿ ಉಳದೈತಿ," ಎಂದಳು ಸಂಜೆ. ನನಗೆ ಅದೇ ಬೇಕಿತ್ತು. ಹೋದ ಮಳೆಗಾಲದ ಋಣ ಇಂದು ಹರಿಯಿತು, ನಾಳೆ ದುಡಿದರೆ ಮುಯ್ಯಿ ಇನ್ನು ಅವಳ ಮೇಲೆ. ನನ್ನ ಹೆಸರಿನದು ಊರಲ್ಲಿ ಏನಾದರೊಂದು ಬಾಕಿ ಇರುತ್ತದೆ. ಆ ಖುಷಿಯಲ್ಲಿ ಮರುದಿನ ಹುಚ್ಚಿಯಂತೆ ದುಡಿದೆ.

ಆ ಸಂಜೆ ಬಾಳವ್ವ ಕೆಳಗಿನ ಗದ್ದೆಗೆ ಕರೆದಿದ್ದ ಕೂಲಿಯವರಿಗೆ ರೊಕ್ಕ ಹಂಚುತ್ತ ಬಂದು ನನ್ನ ಮುಂದೆಯೂ ನಿಂತಳು. ನೋಟು ಮಡಚಿ ನನ್ನ ಅಂಗೈಯಲ್ಲಿಟ್ಟಳು.

"ಇದೇನ ಬಾಳವ್ವಾ?"

"ಸಿಟ್ಟಾಗಬ್ಯಾಡ ಯಕ್ಕಾ. ನಿನ್ನ ಮುಯ್ಯಿ ನಿನ್ನೇನ ತೀರೇತಿ. ಇವತ್ತಿಂದು ನನ್ನ ಮ್ಯಾಲ ಉಳದ್ರ ನಾ ಎಲ್ಲಿ ಬಂದು ತೀರಿಸ್ಲಿ? ನಿನಗ ಹೊಲಾ ಎಲ್ಲೈತಿ?"

ಕೆಟ್ಟ ಮನಸ್ಸಿನಿಂದ ಅಂದದ್ದಲ್ಲ. ಅದಕ್ಕೇ ಹೆಚ್ಚು ಚುಚ್ಚಿತು. ಕೂಲಿಯ ಹೆಂಗಸರು ನನಗೆ ಜಾಗ ಬಿಟ್ಟು ಸರಿದು ನಿಂತರು, ಇವಳೂ ಇನ್ನು ನಮ್ಮವಳೇ ಎನ್ನುವಂತೆ. ಅವರೂ ಮೈಮುರಿದು ದುಡಿಯುವವರೇ, ಅವರ ಮೇಲೆ ನನಗೇನೂ ಇಲ್ಲ. ಆದರೆ ಕೂಲಿ ಕೊಟ್ಟರೆ ಲೆಕ್ಕ ಅಲ್ಲಿಗೇ ಮುಗಿಯುತ್ತದೆ. ನಾಳೆ ಯಾರೂ ಯಾರ ದಾರಿಯನ್ನೂ ಕಾಯಬೇಕಾಗಿಲ್ಲ.

ನನಗೆ ಸಿಟ್ಟು ನೆತ್ತಿಗೇರಿತು. ಆ ನೋಟನ್ನು ಬಾಳವ್ವನ ಸೆರಗಿನ ತುದಿಗೇ ಗಂಟು ಹಾಕಿದೆ. "ಹೊಲಾ ಇಲ್ಲಂದ್ರ ಏನಾತು? ಭಾಂಡಿ ಅದಾವ! ಹಿಂದವಾಡಿಗಿ ಬಾ, ಒಂದಿನ ತಿಕ್ಕಿ ಹೋಗು. ಅಲ್ಲೀತನಕ ಮುಯ್ಯಿ ನಿನ್ನ ಮ್ಯಾಲ!"

ಹೆಂಗಸರೆಲ್ಲ ಘೊಳ್ಳೆಂದು ನಕ್ಕರು. ಬಾಳವ್ವ ನಗಲಿಲ್ಲ. ನಾನು ಹಿಂದೆ ನೋಡದೆ ಬಸ್ಸು ಹತ್ತಿದೆ, ಖಾನಾಪುರ ದಾಟುವವರೆಗೆ ಅತ್ತೆ.

ಮಳೆ ಹೋಯಿತು, ಚಳಿ ಬಂತು. ಹಿತ್ತಲ ಬಾಗಿಲು ಸದ್ದಾದಾಗಲೆಲ್ಲ ಎದ್ದು ನೋಡುತ್ತಿದ್ದೆ. ಹಾಲಿನವನು ಬರುತ್ತಿದ್ದ, ಬೆಕ್ಕು ಬರುತ್ತಿತ್ತು. ಯಾವಳು ಹೊಲ ಬಿಟ್ಟು ಪರರ ಮನೆಯ ಮುಸುರೆ ತಿಕ್ಕಲು ಬರುತ್ತಾಳೆ, ಎಲೇ ಮೂಳಿ, ಎಂದು ನನ್ನನ್ನು ನಾನೇ ಬೈದುಕೊಳ್ಳುತ್ತಿದ್ದೆ.

ಭತ್ತ ಒಕ್ಕಿದ ಮೇಲೆ ಬಂದಳು! ಅಕ್ಕಾರ ಮೊಮ್ಮಗಳನ್ನು ತೊಟ್ಟಿಲಿಗೆ ಹಾಕಿದ ಮರುದಿನವದು, ಹಿತ್ತಲ ತುಂಬ ಭಾಂಡೆಗಳ ಗುಡ್ಡೆ. ಬಾಳವ್ವ ಹೊಸ ಅಕ್ಕಿಯ ಗಂಟನ್ನು ನನ್ನ ಕೈಗಿತ್ತು ಸೀರೆ ಮೇಲಕ್ಕೆ ಕಟ್ಟಿದಳು. "ಸರಿ ಅತ್ಲಾಗ, ಮುಯ್ಯಿ ತೀರಿಸಾಕ ಬಂದೀನಿ." ನಾನು ಆ ಅಕ್ಕಿಯನ್ನೇ ಬೇಯಿಸಿ, ಬಡಿಸಿ, ಅವಳ ಪಕ್ಕ ಕೂತು ಉಂಡೆ. ಅಕ್ಕಾರು ಇಬ್ಬರನ್ನೂ ಬಿಟ್ಟ ಕಣ್ಣು ಬಿಟ್ಟಂತೆ ನೋಡಿದರು.

ಆದರೆ ಗುಡ್ಡೆ ಕರಗುತ್ತ ಬಂದಂತೆ ನನಗೆ ಹೆದರಿಕೆ ಹತ್ತಿತು. ಅವಳ ಕೈ ಭಾರೀ ಚುರುಕು, ಸುಡುಗಾಡು ಕೈ! ಕಡೆಯ ಭಾಂಡೆ ತೊಳೆದಳೆಂದರೆ ನಮ್ಮಿಬ್ಬರ ನಡುವೆ ಏನು ಉಳಿಯಿತು? ಅವಳು ನೀರು ತರಲು ಹೋದಾಗ ತಳ ಹೊತ್ತಿದ ಪಾಯಸದ ಪಾತೇಲಿಯನ್ನು ಎತ್ತಿ ಬಚ್ಚಲ ಕಟ್ಟಿಗೆಯ ಹಿಂದೆ ಇಟ್ಟೆ.

"ಮುಗೀತೇನ ಯಕ್ಕಾ? ಮತ್ತೇನರ ಐತಿ?"

"ಏನಿಲ್ಲ," ಎಂದೆ, ಮುಖ ಬೇರೆ ಕಡೆ ತಿರುಗಿಸಿ.

ಬಸ್‌ಸ್ಟ್ಯಾಂಡಿಗೆ ಕಳಿಸಲು ಹೋದೆ. ಬಸ್ಸು ಹೊರಟ ಮೇಲೆ ಬಾಳವ್ವ ಕಿಟಕಿಯಿಂದ ಕತ್ತು ಹೊರಹಾಕಿ ಕೂಗಿದಳು:

"ಯಕ್ಕಾ, ಕಟ್ಟಿಗಿ ಹಿಂದಿನ ಪಾತೇಲಿ ಮುಟ್ಟಬ್ಯಾಡ! ಅದು ನಂದು. ಬರೂ ವರ್ಷ ಬಂದು ತಿಕ್ತೀನಿ!"

ನಿಂತಲ್ಲೇ ನಕ್ಕೆ. ಬಸ್ಸು ಕಾಣದಾದ ಮೇಲೆ ಅದೇ ನಗು ಅಳುವಾಯಿತು. ಹಿಂದವಾಡಿಗೆ ಒಬ್ಬಳೇ ನಡೆದು ಬಂದೆ.

ಆ ಪಾತೇಲಿಯನ್ನು ನಾನೇ ತಿಕ್ಕಿ ಇಟ್ಟೆ. ಅಕ್ಕಾರಿಗೆ ಮರುದಿನ ಹಾಲಿಗೆ ಬೇಕಿತ್ತು, ಏನು ಮಾಡಲಿ? ಬಾಳವ್ವನಿಗೆ ಮಾತ್ರ ಯಾರೂ ಹೇಳಬೇಡಿ.