ಐದನೇ ಗೆರೆ

ಸುಮಿಯೆ ಬಾಗಿಲ ಬೆಳಕಿನಲ್ಲಿ ಕೂತು ಅಮ್ಮನ ತಲೆಬಟ್ಟೆಗೆ ನಕ್ಷತ್ರ ಹೊಲಿಯುತ್ತಿದ್ದಳು. ಐದು ಗೆರೆಯನ್ನೂ ಒಂದೇ ಎಳೆಯಲ್ಲಿ ಹೊಲಿದು, ಸೂಜಿ ಹೊರಟ ತೂತಿಗೇ ತಂದು ಮುಟ್ಟಿಸಬೇಕು. ಹಾಗೆ ಮುಟ್ಟಿದರೆ ಚಿಪ್ಪು ಕೀಳಲು ಕಡಲಲ್ಲಿ ಮುಳುಗಿದವಳೂ ಹೊರಟಲ್ಲಿಗೇ ಬಂದು ಮುಟ್ಟುತ್ತಾಳೆಂದು ಶಿಮಾ ಕರಾವಳಿಯ ಹೆಂಗಸರ ನಂಬಿಕೆ. ನಡುವೆ ಗಂಟು ಹಾಕುವಂತಿಲ್ಲ.

ನಾಲ್ಕು ಗೆರೆ ಮುಗಿದವು. ಐದನೆಯದಕ್ಕೆ ನೇರಳೆ ದಾರ ಸಾಲಲಿಲ್ಲ.

"ಕೊಡೇ ಇಲ್ಲಿ," ಎಂದಳು ಅಮ್ಮ ಫುಸಾಯೆ. ಆಗಲೇ ಬಿಳಿ ಬಟ್ಟೆ ತೊಟ್ಟು, ಸೊಂಟಕ್ಕೆ ಹಗ್ಗ ಬಿಗಿದು ನಿಂತಿದ್ದಳು.

"ಪೂರ್ತಿ ಬಿಚ್ಚಿ ಹೊಸ ದಾರದಲ್ಲಿ ಹೊಲೀತೀನಮ್ಮ. ಒಂದು ಗಳಿಗೆ ತಾಳು."

"ನಿನ್ನ ಗಳಿಗೆ ಮುಗಿಯೋದ್ರೊಳಗೆ ಮಂಜು ಇಳಿಯುತ್ತೆ. ನಾಳೆಯಿಂದ ಈ ವರ್ಷ ಚಿಪ್ಪು ಕೀಳೋ ಹಾಗಿಲ್ಲ. ದೇವರಿಗೆ ಕಳಿಸೋಕೆ ನಮ್ಮನೆಯಿಂದ ಒಂದಾದ್ರೂ ದೊಡ್ಡದು ಬೇಡ್ವಾ?"

ಬೆಂಕಿಯ ಮುಂದೆ ಕೂತಿದ್ದ ಯೋನೆ ಅಜ್ಜಿ ತಲೆಯೆತ್ತಿದಳು. ಬಾಳೆಲ್ಲ ಮುಳುಗಿ ಮುಳುಗಿ ಅವಳ ಕಿವಿ ಮಂದವಾಗಿತ್ತು. "ಹಳೇ ಊರಿನ ಕಡೆ ಹೋಗ್ಬೇಡ ಕಣೇ," ಎಂದಳು ಸೊಸೆಗೆ.

"ದೊಡ್ಡ ಚಿಪ್ಪಿರೋದೇ ಅಲ್ಲಿ ಅತ್ತೆ!" ಫುಸಾಯೆ ಕೂಗಿ ಹೇಳಿದಳು.

ಹಳೇ ಊರು ಕೊಲ್ಲಿಯ ತಳದಲ್ಲಿದೆ. ಎಂದೋ ನೆಲ ನಡುಗಿ, ಹಿಂದೆ ಸರಿದ ಕಡಲು ಗೋಡೆಯಂತೆ ಎದ್ದು ಬಂದ ದಿನ ಜನರ ಸಮೇತ ಮುಳುಗಿತು. ಉಳಿದವರು ಈ ದಿಣ್ಣೆಯ ಮೇಲೆ ಮನೆ ಕಟ್ಟಿಕೊಂಡರು. ಹಳೇ ದೇಗುಲದ ಕಲ್ಲಿನ ಮೆಟ್ಟಿಲು ಮಾತ್ರ ದಿಣ್ಣೆಯಿಂದ ಇಳಿದು ಈಗಲೂ ನೀರೊಳಕ್ಕೆ ಹೋಗುತ್ತದೆ. ತಳದ ಮೆಟ್ಟಿಲುಗಳಿಗೆ ಅಂಗೈಗಿಂತ ಅಗಲದ ಚಿಪ್ಪುಗಳು ಕಚ್ಚಿಕೊಂಡಿರುತ್ತವೆ. ಮೋಡ ಕವಿದ ದಿನ ಅಲ್ಲಿ ಇನ್ನೊಬ್ಬಳು ಇರುತ್ತಾಳಂತೆ. ಚಿಪ್ಪು ಕೀಳಲು ಹೋದವಳದೇ ಮುಖ, ಅದೇ ಬಟ್ಟೆ. ನಕ್ಕು, ಚಿಪ್ಪು ನೀಡುತ್ತಾಳಂತೆ. ತೆಗೆದುಕೊಂಡವಳು ಮತ್ತೆ ಮೇಲೆ ಬರುವುದಿಲ್ಲವಂತೆ.

"ಅವಳು ಏನು ಕೊಟ್ರೂ ಕೈ ಚಾಚ್ಬೇಡ," ಎಂದಳು ಅಜ್ಜಿ.

"ನನ್ನ ಮುಖ ಇಟ್ಕೊಂಡವಳು ಯಾರಿಗಾದ್ರೂ ಬಿಟ್ಟಿ ಕೊಟ್ಟಾಳಾ ಅತ್ತೆ? ನನ್ನಂಥ ಜಿಪುಣಿ ಇಲ್ಲ ಅಂತ ಊರಿಗೆಲ್ಲ ಸಾರಿದ್ದು ನೀವೇ ಅಲ್ವಾ!"

ಅಜ್ಜಿ ಬೊಚ್ಚು ಬಾಯಲ್ಲಿ ನಕ್ಕಳು. ಫುಸಾಯೆ ನಾಲ್ಕು ಗೆರೆಯ ನಕ್ಷತ್ರವನ್ನು ಹಣೆಗೆ ಬಿಗಿದು, ಸೊಂಟದ ಹಗ್ಗಕ್ಕೆ ಕಟ್ಟಿ ತೇಲಿಬಿಡುವ ಮರದ ಬಾನಿ ಹೊತ್ತು ಇಳಿದುಹೋದಳು.

ಸುಮಿಯೆ ಮೆಟ್ಟಿಲ ಮೇಲೆ ನಿಂತು ಕಿವಿಗೊಟ್ಟಳು. ನೀರಿನಿಂದ ತಲೆ ಎತ್ತುವಾಗ ಹಿಡಿದಿಟ್ಟ ಉಸಿರು ಸಿಳ್ಳೆಯಾಗಿ ಹೊರಬರುತ್ತದೆ. ಒಬ್ಬೊಬ್ಬಳದು ಒಂದೊಂದು ಬಗೆ. ಅಮ್ಮನದು ತಗ್ಗಿನಲ್ಲಿ ಹೊರಟು ತುದಿಯಲ್ಲಿ ಒಡೆಯುತ್ತದೆ. ಒಮ್ಮೆ ಕೇಳಿಸಿತು. ಇನ್ನೊಮ್ಮೆ, ದೂರದಲ್ಲಿ. ಮಂಜು ಇಳಿದು ಬಾನಿಯನ್ನು ಮರೆಮಾಡಿತು. ಆಮೇಲೆ ಸಿಳ್ಳೆ ಬರಲಿಲ್ಲ.

ಅವಳು ಕೂಗಬೇಕೆಂದು ಬಾಯಿ ತೆರೆಯುವಷ್ಟರಲ್ಲಿ ಅಮ್ಮ ಮೆಟ್ಟಿಲು ಹತ್ತಿ ಬರುತ್ತಿದ್ದಳು. ಏದುಸಿರಿಲ್ಲ. ಮಗಳ ಪಕ್ಕದಲ್ಲೇ ಹಾದು ಒಳಗೆ ಹೋದಳು.

"ಬಂದ್ಯಾ? ಬಾ, ಕಾಯಿಸ್ಕೋ," ಎಂದು ಅಜ್ಜಿ ಜಾಗ ಬಿಟ್ಟಳು.

ಬೇರೆ ದಿನವಾದರೆ ಅಮ್ಮ ಹಲ್ಲು ಕಟಕಟಿಸುತ್ತ ಕಡಲಿಗೂ ಮಗಳಿಗೂ ಒಟ್ಟಿಗೇ ಬೈಯುತ್ತಿದ್ದಳು. ಇವತ್ತು ಸುಮ್ಮನೆ ಕೂತಳು. ಬೆಂಕಿಗೆ ಅಷ್ಟು ಹತ್ತಿರವಿದ್ದರೂ ಒದ್ದೆ ಬಟ್ಟೆಯಿಂದ ಹಬೆ ಏಳಲಿಲ್ಲ. ಮಡಿಲಿನಿಂದ ಒಂದು ಚಿಪ್ಪು ತೆಗೆದಳು. ಅದರ ಮಾಂಸ ಇನ್ನೂ ಮಿಸುಕುತ್ತಿತ್ತು. ನಕ್ಕು, ಸುಮಿಯೆಯ ಕಡೆ ನೀಡಿದಳು.

"ಅಯ್ಯೋ, ತಟ್ಟೆಯಷ್ಟಗಲ ಇದೆಯಲ್ಲೇ! ತಗೋಳೇ ಹುಡುಗಿ, ಏನು ನಾಚ್ಕೆ ನಿಂದು?" ಎಂದಳು ಅಜ್ಜಿ.

ಸುಮಿಯೆ ಬಂದವಳ ಹಣೆಯನ್ನೇ ನೋಡುತ್ತಿದ್ದಳು. ನಕ್ಷತ್ರಕ್ಕೆ ಐದು ಗೆರೆಯಿತ್ತು. ದಾರ ಹೊರಟ ತೂತಿಗೇ ಬಂದು ಮುಟ್ಟಿತ್ತು. ಎಲ್ಲೂ ಗಂಟಿರಲಿಲ್ಲ.

ಅವಳು ಎರಡೂ ಕೈ ಬೆನ್ನ ಹಿಂದೆ ಕಟ್ಟಿಕೊಂಡು, ಹಿಂಹಿಂದಕ್ಕೇ ಹೆಜ್ಜೆಯಿಟ್ಟು ಹೊಸ್ತಿಲು ದಾಟಿದಳು. ಕೆಳಗೆ ಮಂಜಿನಲ್ಲಿ ಬಾನಿ ಕಲ್ಲಿಗೆ ತಾಕಿ ಟೊಳ್ಳು ಸದ್ದು ಮಾಡುತ್ತಿತ್ತು.

ಅವಳು ನೀರಿನ ಕಡೆ ತಿರುಗಿದಳು.

"ಅಮ್ಮಾ, ಒಂದ್ಸಲ ಸಿಳ್ಳೆ ಹಾಕಮ್ಮ."