ಸಾಸಿವೆಯಷ್ಟು ಹಸಿರು

ಆಪರೇಷನ್ ಥಿಯೇಟರಿನಲ್ಲಿ ಎಲ್ಲರೂ ಅವಳನ್ನು ಕ್ಯಾಮೆರಾ ಅಕ್ಕ ಎಂದೇ ಕರೆಯುತ್ತಿದ್ದರು. ಕ್ಯಾನ್ಸರ್ ಗಡ್ಡೆ ಹೀರಿಕೊಳ್ಳುವ ಬಣ್ಣವನ್ನು ಹಿಂದಿನ ದಿನ ರೋಗಿಯ ನರಕ್ಕೆ ಏರಿಸುವುದು, ಮರುದಿನ ಅದು ಎಲ್ಲೆಲ್ಲಿ ಹೊಳೆಯುತ್ತದೆಂದು ಕ್ಯಾಮೆರಾದಲ್ಲಿ ಹುಡುಕಿ ಸರ್ಜನ್‌ಗೆ ತೋರಿಸುವುದು ಅವಳ ಕೆಲಸ.

ಆ ಸಲದ ರೋಗಿ ರೈಲ್ವೆ ಸ್ಟೇಷನ್ನಿನ ಅನೌನ್ಸರ್. ನಾಲಿಗೆಯ ಪಕ್ಕದಲ್ಲಿ ಗಡ್ಡೆ. ಅವಳು ಸೂಜಿ ಚುಚ್ಚುವಾಗ ಅವನು ಮಾತು ತೆಗೆದ.

"ನಾಲಿಗೆ ಉದ್ದ ಆಯ್ತು ಅಂತ ನಮ್ಮಮ್ಮ ಬೈತಾನೇ ಇದ್ಲು. ಈಗ ಡಾಕ್ಟ್ರು ಅವಳ ಮಾತು ಕೇಳ್ತಿದಾರೆ."

ಪಕ್ಕದಲ್ಲಿ ನಿಂತಿದ್ದ ಅವನ ಹೆಂಡತಿ ನಗಲಿಲ್ಲ. ಅವನು ದನಿ ತಗ್ಗಿಸಿದ. "ತುದಿಯೊಂದು ಉಳಿಸಿಕೊಡಿ ತಾಯಿ. ಅದಿಲ್ಲದಿದ್ರೆ ರೈಲಿನ 'ರ'ನೇ ಹೊರಡಲ್ಲ."

ಮರುದಿನ ಗಡ್ಡೆ ತೆಗೆದಾದ ಮೇಲೆ ದೀಪ ಮಂದ ಮಾಡಿದರು. ಅವಳು ಗಾಯದ ಮೇಲೆ ಕ್ಯಾಮೆರಾ ಆಡಿಸಿದಳು. ಪರದೆಯಲ್ಲಿ, ನಾಲಿಗೆಯ ತುದಿಯ ಬಳಿ, ಸಾಸಿವೆ ಕಾಳಿನಷ್ಟು ಹಸಿರು ಹೊಳಪು.

"ಕ್ಯಾನ್ಸರೋ, ಬರೀ ಊತವೋ?" ಎಂದರು ಸರ್ಜನ್.

"ಕ್ಯಾಮೆರಾಗೆ ಅದು ಗೊತ್ತಾಗಲ್ಲ ಸಾರ್. ಊತಾನೂ ಹೊಳೆಯುತ್ತೆ."

ಚೂರೊಂದನ್ನು ಲ್ಯಾಬಿಗೆ ಕಳಿಸಿದರು. ಇಪ್ಪತ್ತು ನಿಮಿಷದ ನಂತರ ಫೋನ್ ಬಂತು: ಖಚಿತವಾಗಿ ಹೇಳಲಾಗದು.

"ಆರು ವರ್ಷದಿಂದ ಇದನ್ನೇ ನೋಡ್ತಿದೀರಿ. ನಿಮಗೇನು ಅನ್ಸುತ್ತೆ?" ಸರ್ಜನ್ ಅವಳನ್ನು ಕೇಳಿದರು.

ಇಂಥ ಚುಕ್ಕೆಯನ್ನು ಬಿಟ್ಟಿದ್ದಕ್ಕೆ ವರ್ಷದೊಳಗೆ ಗಡ್ಡೆಯೊಂದಿಗೆ ಮರಳಿ ಬಂದವರನ್ನು ಅವಳು ಕಂಡಿದ್ದಳು.

"ಬಿಡೋ ಹಾಗಿಲ್ಲ ಸಾರ್."

ತುದಿ ಹೋಯಿತು.

ಎಂಟನೆಯ ದಿನ ಪೂರ್ತಿ ವರದಿ ಬಂತು. ಗಡ್ಡೆಯನ್ನು ಮೊದಲ ಸಲವೇ ಪೂರ್ತಿ ತೆಗೆದಾಗಿತ್ತು. ಆಮೇಲೆ ಕತ್ತರಿಸಿದ ಭಾಗದಲ್ಲಿ ಕ್ಯಾನ್ಸರ್ ಇರಲೇ ಇಲ್ಲ. "ನಾಳೆ ಇಂಥದ್ದೇ ಬಂದ್ರೂ ನಾನು ಕತ್ತರಿಸ್ತೀನಿ. ಮನಸ್ಸಿಗೆ ಹಚ್ಕೋಬೇಡಿ, ಅವರಿಗೆ ನಾನೇ ಹೇಳ್ತೀನಿ," ಎಂದರು ಸರ್ಜನ್. ಆದರೂ ಅವಳು ಅವರ ಜೊತೆಗೇ ವಾರ್ಡಿಗೆ ಹೋದಳು. ಸರ್ಜನ್ ಹೇಳಿ ಮುಗಿಸಿದ ಮೇಲೆ, "ಬಿಡಬಾರದು ಅಂದವಳು ನಾನೇ," ಎಂದಳು.

"ಹಾಗಾದ್ರೆ ಸುಮ್‌ಸುಮ್ನೆ ಕತ್ತರಿಸಿದ್ರಾ?" ಹೆಂಡತಿ ಕೇಳಿದಳು.

"ಆಗ ಗೊತ್ತಿರ್ಲಿಲ್ಲಮ್ಮ," ಎಂದಳು ಕ್ಯಾಮೆರಾ ಅಕ್ಕ.

ಅವನು ಅವಳತ್ತ ತಿರುಗಿ ಏನೋ ಹೇಳಿದ. ಜೊಲ್ಲಿನ ಜೊತೆ ಉಸಿರಷ್ಟೇ ಹೊರಬಂತು. ಅವಳು ಬಗ್ಗಿ ಕಿವಿಗೊಟ್ಟಳು, ತಿಳಿಯಲಿಲ್ಲ. ಇನ್ನೊಮ್ಮೆ ಹೇಳಿದ. ಹೆಂಡತಿಗೂ ತಿಳಿಯಲಿಲ್ಲ. ಕಾಗದ, ಪೆನ್ನು ಕೊಟ್ಟರೆ ಅವನು ಅದನ್ನು ಪಕ್ಕಕ್ಕೆ ಸರಿಸಿ, ಮೂರನೆಯ ಸಲ ಬಾಯಿಂದಲೇ ಹೇಳಿದ. ಆಮೇಲೆ ಗೋಡೆಯ ಕಡೆ ಹೊರಳಿಕೊಂಡ.

ಸರ್ಜನ್ ಹೊರಟರು. ಅವಳು ನಿಂತೇ ಇದ್ದಳು.

"ನೀವೂ ಹೋಗಿಮ್ಮ," ಎಂದಳು ಹೆಂಡತಿ, ಅವನ ಬಾಯಿ ಒರೆಸುತ್ತ.