ಬಾಗಿಲ ಮೇಲಿನ ಲೋಳಸರ

"ಅಯ್ಯ ಯವ್ವಾ, ಮತ್ತೊಂದು ಎಲಿ ಹೋಯ್ತಲ್ಲ!"

ಕಸಬರಿಗೆ ಅಲ್ಲೇ ಬಿಸಾಕಿ ಸಾಬವ್ವ ತಲೆಬಾಗಿಲ ಕೆಳಗೆ ಕತ್ತೆತ್ತಿ ನಿಂತಳು. ಮಗಳು ಶಿವಕಾಂತಾ ಬಾಣಂತನಕ್ಕೆ ಮಣ್ಣೂರಿಗೆ ಬಂದ ದಿನವೇ ದೃಷ್ಟಿ ತಾಗದಿರಲೆಂದು ಅಲ್ಲಿ ಲೋಳಸರದ ಗಿಡವನ್ನು ಬೇರು ಮೇಲೆ ಮಾಡಿ ಕಟ್ಟಿದ್ದಳು. ಮಣ್ಣಿಲ್ಲ, ನೀರಿಲ್ಲ, ಬರೀ ಗಾಳಿ ಕುಡಿದೇ ದಪ್ಪಗೆ ತುಂಬಿಕೊಂಡಿದ್ದ ಜೀವ ಅದು. ಈಗ ನೋಡಿದರೆ ಒಂದೊಂದಾಗಿ ಎಲೆ ಮಾಯ. ಒಣಗಿ ಉದುರಿದ್ದಲ್ಲ, ಯಾರೋ ಕೊಯ್ದದ್ದು. ಬುಡದಿಂದ ಇನ್ನೂ ಲೋಳೆ ಇಳಿಯುತ್ತಿತ್ತು. ಬಾಗಿಲು ಕಾಯುವುದನ್ನೇ ಕೊಯ್ದರೆ ಒಳಗಿನ ಕೂಸಿನ ಗತಿ ಏನು? ನಿನ್ನೆ ಕೂಸು ಹಟ ಹಿಡಿದು ಅತ್ತದ್ದು ಸುಮ್ಮನೆ ಅಲ್ಲ.

ಯಾರೆಂದು ತಲೆ ಕೆಡಿಸಿಕೊಳ್ಳುವ ಅಗತ್ಯವೇ ಬೀಳಲಿಲ್ಲ. ಪಕ್ಕದ ಮನೆಯ ಅನುರಾಧಾ ಅಫಜಲಪುರದಲ್ಲಿ ಬ್ಯೂಟಿ ಪಾರ್ಲರ್ ಕೆಲಸ ಕಲಿತು ಬಂದು, ಮುಂದಿನ ಖೋಲಿಯಲ್ಲೇ ಅಂಗಡಿ ಇಟ್ಟಿದ್ದಳು. ಮುಖಕ್ಕೆ ಹಚ್ಚುವ ಕ್ರೀಮನ್ನೂ ತಾನೇ ಮಾಡುತ್ತಿದ್ದಳು. ದಿನಾ ಕೂಸಿಗೆ ಎಣ್ಣೆ ತಿಕ್ಕಲು ಬರುವವಳೂ ಅವಳೇ. ಮೊನ್ನೆ ಇದೇ ಗಿಡ ನೋಡಿ, "ಎಷ್ಟು ರಸ ತುಂಬ್ಯದ ನೋಡ್ರಿ ಕಾಕು, ಇದನ್ನ ಹಚ್ಚಿದ್ರ ಚರ್ಮ ಬೆಣ್ಣಿ ಆಗ್ತದ" ಅಂದಿದ್ದಳಲ್ಲ!

ಎಣ್ಣೆ ಬಟ್ಟಲು ಹಿಡಿದು ಬಂದ ಅನುರಾಧಾಳಿಗೆ ಸಾಬವ್ವ ಹೊಸ್ತಿಲಲ್ಲೇ ಅಡ್ಡ ನಿಂತಳು.

"ನಿನ್ನ ಕ್ರೀಮಿಗೆ ನನ್ನ ಬಾಗಿಲದ ಗಿಡಾನೇ ಸಿಕ್ತೇನ ಬೇ?"

"ನಾ ಮುಟ್ಟಿಲ್ರಿ ಕಾಕು. ನಮ್ಮ ಹಿತ್ತಲದಾಗ ಬೇಕಾದಷ್ಟು ಬೆಳದದ. ಇದು ನನಗ ಎಟಕತದೇನ್ರಿ, ನೀವೇ ನೋಡ್ರಿ."

ಅವಳು ಗಿಡ್ಡಿ ಎಂಬುದು ಓಣಿಗೆಲ್ಲ ಗೊತ್ತು. ಆದರೆ ಅನುಮಾನ ಹೊಕ್ಕ ತಲೆಗೆ ಕುರ್ಚಿಗೇನು ಬರವೇ?

"ಕುರ್ಚಿ ಹಾಕ್ಕೊಂಡು ಹತ್ತಿದ್ದಿ! ಇನ್ನ ಮ್ಯಾಲ ನಮ್ಮ ಕೂಸಿಗಿ ಕೈ ಹಚ್ಚಬ್ಯಾಡ!"

ನಳದ ಬಳಿಯ ಹೆಂಗಸರು ಕೊಡ ಇಳಿಸಿ ನೋಡಿದರು. ಅನುರಾಧಾ ತುಟಿ ಕಚ್ಚಿಕೊಂಡು ತಿರುಗಿ ಹೋದಳು. ಅವತ್ತಿನಿಂದ ಅವಳ ಅಂಗಡಿಗೆ ಹುಬ್ಬು ತಿದ್ದಿಸಿಕೊಳ್ಳಲು ಬರುವವರೂ ನಿಂತರು.

ಎಲೆ ಹೋಗುವುದು ಮಾತ್ರ ನಿಲ್ಲಲಿಲ್ಲ. ಎಷ್ಟು ಸೊಕ್ಕು ಇವಳಿಗೆ! ಕೈಯಾರೆ ಹಿಡಿಯಲೇಬೇಕೆಂದು ಸಾಬವ್ವ ಒಂದು ಮಧ್ಯಾಹ್ನ, ಮಗಳೂ ಕೂಸೂ ಮಲಗಿದ ಮೇಲೆ, ತೊಗರಿ ಚೀಲದ ಹಿಂದೆ ಅಡಗಿ ಕೂತಳು.

ಬಂದವನು ಅವಳ ಗಂಡ ಭೀಮಶಾ. ಕಬ್ಬು ಕಡಿದು ಕಡಿದು ಅವನ ಅಂಗೈ ಗರಗಸದಂತಾಗಿತ್ತು. ಹಿಂದೊಮ್ಮೆ ಕೂಸಿನ ಗಲ್ಲ ಸವರಿ ಗೀರು ಬಿದ್ದಾಗ, "ಅಪ್ಪಾ, ನೀ ಮುಟ್ಟಬ್ಯಾಡ" ಎಂದು ಶಿವಕಾಂತಾ ರೇಗಿದ್ದಳು. ಆಮೇಲೆ ಅವನು ತೊಟ್ಟಿಲ ಹತ್ತಿರ ಸುಳಿದದ್ದನ್ನು ಸಾಬವ್ವ ಕಂಡಿರಲಿಲ್ಲ. ಈಗ ಅವನು ಹಿಮ್ಮಡಿ ಕೂಡ ಎತ್ತದೆ ಕುಡಗೋಲಿನಿಂದ ಒಂದು ಎಲೆ ಕೊಯ್ದ. ಸೀಳಿ, ಲೋಳೆಯನ್ನು ಅಂಗೈಗೆ ತಿಕ್ಕಿದ. ಆ ಕೈಯನ್ನು ತನ್ನ ಗಲ್ಲಕ್ಕೇ ಸವರಿ ನೋಡಿದ. ಸಾಲದೆನಿಸಿ ಮತ್ತೆ ತಿಕ್ಕಿದ. ಆಮೇಲೆ ತೊಟ್ಟಿಲಿಗೆ ಬಗ್ಗಿ, ಒಂದೇ ಬೆರಳಿನಿಂದ ಕೂಸಿನ ಪಾದ ಮುಟ್ಟಿದ. ಕೂಸು ಅಳಲಿಲ್ಲ.

ಸಾಬವ್ವನಿಗೆ ನಗು ಬಂತು. ಮರುಗಳಿಗೆಯೇ ಅನುರಾಧಾ ತುಟಿ ಕಚ್ಚಿಕೊಂಡದ್ದು ನೆನಪಾಗಿ ನಾಚಿಕೆಯಿಂದ ಮೈಯೆಲ್ಲ ಬಿಸಿಯಾಯಿತು.

ಸಂಜೆ ಕೂಸನ್ನು ಎತ್ತಿಕೊಂಡು, ನಳದ ಹೆಂಗಸರ ಮುಂದೆಯೇ ಹಾದು ಅನುರಾಧಾಳ ಬಾಗಿಲಿಗೆ ಹೋದಳು.

"ತಪ್ಪಾಯ್ತು ನನ್ನವ್ವ. ನಮ್ಮ ಮನಿಯವ್ರೇ ಕೊಯ್ಯಾಕತ್ತಿದ್ರು," ಎಂದು ಎಲ್ಲರಿಗೂ ಕೇಳುವಂತೆ ಹೇಳಿ ಕೂಸನ್ನು ಚಾಚಿದಳು. "ಎತ್ಗೋ."

ಅನುರಾಧಾಳ ಕೈ ತಾನಾಗಿ ಮುಂದೆ ಬಂತು, ಅರ್ಧಕ್ಕೇ ನಿಂತಿತು.

"ನಾಳಿ ಕೂಸಿಗಿ ಜ್ವರ ಬಂದ್ರ ಯಾರ ಹೆಸರು ಹೇಳ್ತೀರಿ ಕಾಕು?"

ಸಾಬವ್ವ ಕೂಸನ್ನು ಚಾಚಿಕೊಂಡೇ ಹೊಸ್ತಿಲ ಹೊರಗೆ ನಿಂತಳು. ಹಿಂದೆ ಯಾರದೋ ಕೊಡ ತುಂಬಿ ನೀರು ಓಣಿಗೆ ಹರಿಯುತ್ತಿತ್ತು. ನಳ ಬಂದ್ ಮಾಡಲು ಯಾರೂ ಮುಂದಾಗಲಿಲ್ಲ.